ಮೂರು ಸಲ ತಪ್ಪಿಸಿಕೊಂಡವರು ನಾಲ್ಕನೆಯ ಸಲ ಒಪ್ಪಿದ್ದು: ಗರ್ಭಕಂಠ ತಪಾಸಣೆಯ ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ಮಹಿಳೆಗೆ ಆಗ 44 ವರ್ಷ. ಮದುವೆಯಾಗಿ 22 ವರ್ಷವಾಗಿತ್ತು. 20ರ ಮಗ, 12ರ ಮಗಳು. ಮಗಳು ಹುಟ್ಟಿದ ಮೇಲೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಂಡಿದ್ದರು. ಮುಟ್ಟು ಸರಿಯಾಗಿ ಬರುತ್ತಿತ್ತು, ಬಿಳಿಸೆರಗಿನ ತೊಂದರೆ ಇರಲಿಲ್ಲ, ಸಂಭೋಗದ ನಂತರ ರಕ್ತ ಕಾಣಿಸಿಕೊಂಡಿರಲಿಲ್ಲ. ಪಾಳಿಯ ಕೆಲಸ, ಓದು ಬರಹ ಚೆನ್ನಾಗಿ ಬಲ್ಲವರು. ಗುರುತು ಸಿಗಬಾರದೆಂದು ಹೆಸರು, ಊರು, ಕೆಲಸದ ಜಾಗ ಎಲ್ಲವನ್ನೂ ಬಿಟ್ಟಿದೆ. ಕೆಲವು ಸಣ್ಣ ವಿವರಗಳನ್ನು ಬದಲಿಸಿದೆ.

ಇಂಥವರು ತಪಾಸಣೆಗೆ ಬಾರದಿದ್ದರೆ ವರದಿಯಲ್ಲಿ ‘ಅರಿವಿನ ಕೊರತೆ’ ಎಂದು ಬರೆದು ಮುಗಿಸುವುದು ವಾಡಿಕೆ. ಆದರೆ ಈಕೆಗೆ ಅರಿವಿತ್ತು. ಗರ್ಭಕಂಠದ ಕ್ಯಾನ್ಸರ್ ಎಚ್‌ಪಿವಿ ಎಂಬ ವೈರಸ್‌ನಿಂದ ಬರುತ್ತದೆ, ಅದಕ್ಕೊಂದು ಪರೀಕ್ಷೆ ಇದೆ, ಹುಡುಗಿಯರಿಗೆ ಲಸಿಕೆ ಇದೆ ಎಂಬುದೆಲ್ಲ ಗೊತ್ತಿತ್ತು. ಮಗಳಿಗೆ ಲಸಿಕೆ ಯಾವಾಗ ಹಾಕಿಸಬಹುದು ಎಂದು ತಾವೇ ಕೇಳಿದ್ದರು. ತಮ್ಮ ಪರೀಕ್ಷೆಯ ಮಾತು ಬಂದಾಗ ಮಾತ್ರ ಹಿಂದೆ ಸರಿಯುತ್ತಿದ್ದರು. ಆ ಹಿಂಜರಿಕೆಯ ಬೇರು ಎಲ್ಲಿತ್ತು, ಅದನ್ನು ಪತ್ತೆ ಮಾಡಲು ಎಷ್ಟು ಹೊತ್ತಾಯಿತು, ಒಪ್ಪಿದ ಮೇಲೂ ಎಲ್ಲೆಲ್ಲಿ ಕೈತಪ್ಪುವುದರಲ್ಲಿದ್ದರು ಎಂಬುದೇ ಇಲ್ಲಿನ ವಿಷಯ.

ಮೂರು ಸಲ ಆದದ್ದು

ಮೊದಲ ಸಲ ಕೆಲಸದ ಜಾಗದಲ್ಲಿ ಆರೋಗ್ಯ ಕಾರ್ಯಕರ್ತೆಯರು ಪಟ್ಟಿ ಹಿಡಿದು ಬಂದಿದ್ದರು. ‘ನಂಗೇನೂ ಆಗಿಲ್ವಲ್ಲ ಸಿಸ್ಟರ್, ಆಪರೇಷನ್ನೂ ಆಗಿದೆ’ ಎಂದು ನಕ್ಕು ಹೊರಟರು. ಪಟ್ಟಿಯಲ್ಲಿ ‘ನಿರಾಕರಿಸಿದ್ದಾರೆ’ ಎಂದು ಬಿತ್ತು. ಆ ಒಂದು ಮಾತಿನಲ್ಲಿ ಎರಡು ತಪ್ಪು ತಿಳಿವಳಿಕೆ ಇದ್ದವು. ಆಪರೇಷನ್‌ನಲ್ಲಿ ಕಟ್ಟುವುದು ಅಂಡನಾಳಗಳನ್ನು. ಗರ್ಭಕೋಶದ ಬಾಯಿ, ಅಂದರೆ ಗರ್ಭಕಂಠ, ಇದ್ದ ಹಾಗೇ ಇರುತ್ತದೆ. ಇನ್ನೊಂದು, ಏನೂ ಆಗದಿರುವಾಗಲೇ ಈ ಪರೀಕ್ಷೆ ಮಾಡಿಸಬೇಕು. ಎಚ್‌ಪಿವಿ ತಗುಲಿದವರಲ್ಲಿ ಹೆಚ್ಚಿನವರ ದೇಹ ಒಂದೆರಡು ವರ್ಷದಲ್ಲಿ ಅದನ್ನು ತಾನೇ ಹೊರದೂಡುತ್ತದೆ. ಹೋಗದೆ ಉಳಿದರೆ ಕೆಲವರ ಗರ್ಭಕಂಠದ ಮೇಲ್ಪದರದ ಕೋಶಗಳು ನಿಧಾನವಾಗಿ ಬದಲಾಗುತ್ತವೆ. ಆ ಬದಲಾವಣೆ ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ 5ರಿಂದ 10 ವರ್ಷ. ಅಷ್ಟು ಕಾಲ ನೋವಿಲ್ಲ, ರಕ್ತವಿಲ್ಲ. ತಪಾಸಣೆಗೆ ಒದಗುವುದು ಆ ಸದ್ದಿಲ್ಲದ ಕಾಲವೇ. ಮುಟ್ಟಿನ ನಡುವೆ, ಸಂಭೋಗದ ನಂತರ ಅಥವಾ ಮುಟ್ಟು ನಿಂತ ಮೇಲೆ ರಕ್ತ ಬಂದರೆ ತಪಾಸಣೆಯ ಸರದಿ ಕಾಯಬಾರದು, ನೇರವಾಗಿ ವೈದ್ಯರ ಹತ್ತಿರ ಹೋಗಬೇಕು. ಈ ವ್ಯತ್ಯಾಸ ಎರಡು ನಿಮಿಷದ ಮಾತು. ಆ ದಿನ ಅದನ್ನು ಆಡುವವರು ಇರಲಿಲ್ಲ.

ಎರಡನೆಯ ಸಲ ಮಾತು ಅರ್ಧ ಗಂಟೆ ನಡೆಯಿತು, ಚಿತ್ರಗಳ ಸಮೇತ. ಬಲಿತ ಕ್ಯಾನ್ಸರ್‌ನ ಬಣ್ಣದ ಚಿತ್ರಗಳು. ತೋರಿಸಿದವರ ಉದ್ದೇಶ ಒಳ್ಳೆಯದೇ, ಪರಿಣಾಮ ಮಾತ್ರ ಉಲ್ಟಾ ಆಯಿತು. ಪರೀಕ್ಷೆ ಎಂದರೆ ಆ ಚಿತ್ರ ತನ್ನೊಳಗೂ ಇದೆಯೋ ಎಂದು ನೋಡುವುದು ಎಂಬ ಭಾವನೆ ಆಕೆಯಲ್ಲಿ ಕೂತುಬಿಟ್ಟಿತು. ‘ಇದ್ರೆ ಗೊತ್ತಾಗೋದೇ ಬೇಡ’ ಎಂದು ಜೊತೆಯವರ ಹತ್ತಿರ ಹೇಳಿಕೊಂಡದ್ದು ಆಮೇಲೆ ತಿಳಿಯಿತು. ಹೆದರಿಸುವವರು ಹೆದರಿಕೆಯ ಪಕ್ಕದಲ್ಲೇ ಬಾಗಿಲನ್ನೂ ತೋರಿಸಬೇಕು. ಪರೀಕ್ಷೆಯಲ್ಲಿ ಸಿಗುವುದು ಹೆಚ್ಚಾಗಿ ಕ್ಯಾನ್ಸರ್ ಅಲ್ಲದ, ಅದಕ್ಕಿಂತ ಎಷ್ಟೋ ಮೊದಲಿನ ಬದಲಾವಣೆ ಎಂದೂ, ಅದನ್ನು ಕೆಲವೇ ನಿಮಿಷಗಳಲ್ಲಿ ತೆಗೆದುಹಾಕಬಹುದು ಎಂದೂ ಆ ಅರ್ಧ ಗಂಟೆಯಲ್ಲಿ ಯಾರೂ ಹೇಳಲಿಲ್ಲ.

ಮೂರನೆಯ ಸಲ ಆಕೆ ‘ಆಗಲಿ’ ಎಂದರು. ದಿನ ಗೊತ್ತಾಯಿತು, ಚೀಟಿ ಕೊಟ್ಟದ್ದಾಯಿತು. ಬರಲಿಲ್ಲ. ‘ಆಗಲಿ’ ಎಂಬುದು ಎದುರಿನವರ ಮನಸ್ಸು ನೋಯಿಸದೆ ಮಾತು ಮುಗಿಸುವ ದಾರಿಯೂ ಹೌದು ಎಂಬುದನ್ನು ಪಟ್ಟಿ ಬರೆಯುವವರು ಮರೆಯುತ್ತಾರೆ.

ಪ್ರಶ್ನೆ ಬದಲಾದ ದಿನ

ಮಗಳ ಲಸಿಕೆಗೆಂದು ಆರೋಗ್ಯ ಕೇಂದ್ರಕ್ಕೆ ಬಂದಾಗ ಬೇರೊಬ್ಬ ನರ್ಸ್ ಇದ್ದರು. ಲಸಿಕೆ 9ರಿಂದ 14ರ ವಯಸ್ಸಿನಲ್ಲಿ, ವೈರಸ್ ತಗುಲುವ ಮೊದಲೇ ಹಾಕಿದರೆ ಹೆಚ್ಚು ಫಲ. ಒಂದೇ ಡೋಸ್ ಕೂಡ ಸಾಕಾಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಆಗಲೇ ಇರುವ ಸೋಂಕನ್ನು ಅದು ವಾಸಿ ಮಾಡುವುದಿಲ್ಲ. ಅದಕ್ಕೇ ತಾಯಿಗೆ ತಪಾಸಣೆ, ಮಗಳಿಗೆ ಲಸಿಕೆ. ಮಗಳೂ ದೊಡ್ಡವಳಾದ ಮೇಲೆ ತಪಾಸಣೆ ಮಾಡಿಸಿಕೊಳ್ಳಬೇಕು. ನರ್ಸ್ ಇಷ್ಟು ಹೇಳಿ, ‘ನೀವು ಯಾಕೆ ಮಾಡಿಸಿಲ್ಲ’ ಎಂದು ಕೇಳಲಿಲ್ಲ. ‘ಈ ಪರೀಕ್ಷೆಯಲ್ಲಿ ನಿಮಗೆ ಯಾವುದು ಕಷ್ಟ ಅನ್ನಿಸುತ್ತಮ್ಮ? ಮೇಜಿನ ಮೇಲೆ ಮಲಗೋದೋ, ರಿಸಲ್ಟ್ ಬರೋದೋ, ಮನೇಲಿ ಹೇಳೋದೋ?’ ಎಂದರು.

‘ಯಾಕೆ’ ಎಂದರೆ ಸಮರ್ಥನೆ ಬರುತ್ತದೆ. ‘ಯಾವುದು’ ಎಂದರೆ ಆರಿಸಿ ಹೇಳಿದರಾಯಿತು, ಆರಿಸಿ ಹೇಳುವುದರಲ್ಲಿ ನಾಚಿಕೆ ಕಡಿಮೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಮೂರೂ ಎಂದರು.

ಮೇಜಿನ ವಿಷಯ: ಮಗಳ ಹೆರಿಗೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಬಂದು, ಏನು ಮಾಡುತ್ತೇವೆಂದು ಹೇಳದೆ, ಪರದೆ ಎಳೆಯದೆ ಒಳಗೆ ಕೈಹಾಕಿ ನೋಡಿದ್ದರು. ಅಂಥದ್ದು ಇನ್ನೊಮ್ಮೆ ಬೇಡ. ರಿಸಲ್ಟ್ ವಿಷಯ: ಗಂಡನ ಅಕ್ಕ, ಆಕೆಯ ಅತ್ತಿಗೆ, ‘ಆ ಟೆಸ್ಟ್‌ಗೆ ಹೋದವರ ಗರ್ಭಚೀಲ ತೆಗೆದೇ ಕಳಿಸೋದು’ ಎಂದಿದ್ದರು. ಮನೆಯ ವಿಷಯ ಹೇಳುವಾಗ ದನಿ ತಗ್ಗಿತು. ಕೈಗೆ ಕೊಟ್ಟಿದ್ದ ಕರಪತ್ರದ ಎರಡನೆಯ ಸಾಲಿನಲ್ಲೇ ‘ಲೈಂಗಿಕ ಸಂಪರ್ಕದಿಂದ ಹರಡುತ್ತದೆ’ ಎಂದಿತ್ತು. ಅದನ್ನು ಮನೆಗೆ ಒಯ್ಯಲಾರದೆ ದಾರಿಯಲ್ಲೇ ಹರಿದು ಎಸೆದಿದ್ದರು.

ಮೂರು ಭಯಕ್ಕೆ ಮೂರು ಬೇರೆ ಉತ್ತರ ಬೇಕಿತ್ತು. ಅಲ್ಲಿಯವರೆಗೆ ಸಿಕ್ಕಿದ್ದು ನಾಲ್ಕನೆಯ ಯಾವುದೋ ಪ್ರಶ್ನೆಗೆ ಉತ್ತರ.

ತಾವೇ ತೆಗೆದ ಮಾದರಿ, ಅದು ಕೆಟ್ಟ ಬಗೆ

ಮೇಜಿನ ಭಯಕ್ಕೆ ಸದ್ಯದ ಉತ್ತರವಾಗಿ ನರ್ಸ್ ಮುಂದಿಟ್ಟದ್ದು ಸ್ವಯಂ ಮಾದರಿ. ಎಚ್‌ಪಿವಿ ಡಿಎನ್‌ಎ ಪರೀಕ್ಷೆಗೆ ಯೋನಿಯ ಒಳಗಿನಿಂದ ಹತ್ತಿಯ ಕಡ್ಡಿಯಲ್ಲೋ ಸಣ್ಣ ಬ್ರಷ್‌ನಲ್ಲೋ ಮಹಿಳೆಯೇ ತೆಗೆದ ಮಾದರಿ ಸಾಕು. ವೈರಸ್‌ನ ಡಿಎನ್‌ಎಯನ್ನು ಹಲವು ಪಟ್ಟು ಹೆಚ್ಚಿಸಿ ಹುಡುಕುವ ಪಿಸಿಆರ್ ವಿಧಾನದಲ್ಲಿ ನೋಡಿದರೆ ಅದರ ನಿಖರತೆ ವೈದ್ಯರು ತೆಗೆದ ಮಾದರಿಗೆ ಸಮೀಪವಾಗಿಯೇ ಇರುತ್ತದೆ. ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಪರೀಕ್ಷೆಗೆ ಇದು ಒದಗುವುದಿಲ್ಲ, ಏಕೆಂದರೆ ಅದಕ್ಕೆ ಗರ್ಭಕಂಠದ ಮೇಲಿನ ಕೋಶಗಳನ್ನೇ ಕಣ್ಣಿಟ್ಟು ಕೆರೆದು ತೆಗೆಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯ ಪ್ರಕಾರ ಡಿಎನ್‌ಎ ಪರೀಕ್ಷೆಯೇ ಮೊದಲ ಆಯ್ಕೆ: 30ನೇ ವಯಸ್ಸಿನಿಂದ 5ರಿಂದ 10 ವರ್ಷಕ್ಕೊಮ್ಮೆ, ಎಚ್‌ಐವಿ ಇರುವವರಿಗೆ 25ರಿಂದ, 3ರಿಂದ 5 ವರ್ಷಕ್ಕೊಮ್ಮೆ.

ಹೇಳಿಕೊಟ್ಟ ಕ್ರಮ ಇದು. ಮುಟ್ಟಿನ ದಿನಗಳಲ್ಲಿ ಬೇಡ. ಯೋನಿಗೆ ಹಚ್ಚುವ ಔಷಧ ಬಳಸುತ್ತಿದ್ದರೆ ಮೊದಲೇ ಹೇಳಬೇಕು. ಕೈ ತೊಳೆದು ಒಣಗಿಸಿ, ಕಡ್ಡಿಯನ್ನು ಗುರುತು ಇರುವಲ್ಲಿ ಹಿಡಿಯಬೇಕು. ತುದಿ ಯಾವುದಕ್ಕೂ ತಾಗಬಾರದು. ಕುಕ್ಕರಗಾಲಲ್ಲಿ ಕೂತು, ಇಲ್ಲವೇ ಒಂದು ಕಾಲನ್ನು ಎತ್ತರದಲ್ಲಿಟ್ಟು, ಸುಮಾರು 5 ಸೆಂಟಿಮೀಟರ್, ಗುರುತು ಬರುವ ತನಕ, ಬೆನ್ನಿನ ಕಡೆಗೆ ಓರೆಯಾಗಿ ಒಳಗೆ ಬಿಡಬೇಕು. ಕಿಟ್‌ನಲ್ಲಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 10ರಿಂದ 30 ಸೆಕೆಂಡ್, ನಿಧಾನವಾಗಿ ತಿರುಗಿಸಿ ಹೊರತೆಗೆದು ನೇರವಾಗಿ ಕೊಳವೆಗೆ ಹಾಕಿ ಬಿಗಿಯಾಗಿ ಮುಚ್ಚಬೇಕು.

ಆಕೆ ಕಿಟ್ ಒಯ್ದರು. ಹನ್ನೆರಡನೆಯ ದಿನ ತಂದುಕೊಟ್ಟರು. ಪ್ರಯೋಗಾಲಯದಿಂದ ಬಂದ ಉತ್ತರ: ‘ಅಮಾನ್ಯ, ಮತ್ತೆ ಕಳಿಸಿ’. ಎಷ್ಟೋ ಯಂತ್ರಗಳು ವೈರಸ್ ಜೊತೆಗೆ ಮನುಷ್ಯಕೋಶದ ಒಂದು ಜೀನನ್ನೂ ಹುಡುಕುತ್ತವೆ. ಅದು ಸಿಗದಿದ್ದರೆ ಕಡ್ಡಿಗೆ ಸಾಕಷ್ಟು ಕೋಶ ಅಂಟಿಲ್ಲವೆಂದು ಅರ್ಥ. ಆಮೇಲೆ ವಿಚಾರಿಸಿದಾಗ ಗೊತ್ತಾದದ್ದು, ಮನೆಯಲ್ಲಿ ಏಕಾಂತ ಸಿಗದೆ ಕೆಲಸದ ಜಾಗದ ಶೌಚಾಲಯದಲ್ಲಿ, ಹೊರಗೆ ಯಾರೋ ಬಾಗಿಲು ತಟ್ಟುತ್ತಿರುವಾಗ, ತುದಿಯನ್ನು ಒಂದಿಷ್ಟೇ ಒಳಗೆ ಬಿಟ್ಟು ತೆಗೆದಿದ್ದರು.

ಇಲ್ಲಿ ಪ್ರಕರಣ ಇನ್ನೇನು ಕೈತಪ್ಪಿತ್ತು. ‘ಮತ್ತೆ ಕೊಡಿ’ ಎಂದು ಫೋನ್ ಮಾಡಿದ್ದನ್ನು ಆಕೆ ‘ಏನೋ ಸಿಕ್ಕಿದೆ, ಹೇಳ್ತಿಲ್ಲ’ ಎಂದು ಅರ್ಥ ಮಾಡಿಕೊಂಡರು. ಹತ್ತು ದಿನ ಫೋನ್ ಎತ್ತಲಿಲ್ಲ. ಕಿಟ್ ಕೊಡುವಾಗಲೇ ‘ಕೆಲವರ ಮಾದರಿ ಸಾಲದೆ ಬರುತ್ತೆ, ಆಗ ಇನ್ನೊಂದು ಕೇಳ್ತೀವಿ, ಅದಕ್ಕೂ ಕಾಯಿಲೆಗೂ ಸಂಬಂಧ ಇಲ್ಲ’ ಎಂಬ ಒಂದು ಮಾತು ಸೇರಿದ್ದರೆ ಈ ಹತ್ತು ದಿನ ಇರುತ್ತಿರಲಿಲ್ಲ. ಎರಡನೆಯ ಮಾದರಿಯನ್ನು ಕೇಂದ್ರದಲ್ಲೇ, ಒಳಗಿನಿಂದ ಚಿಲಕ ಹಾಕಿಕೊಂಡ ಕೋಣೆಯಲ್ಲಿ ತೆಗೆದರು. ನರ್ಸ್ ಬಾಗಿಲ ಹೊರಗೆ ನಿಂತು ಸೆಕೆಂಡ್ ಎಣಿಸಿದರು.

‘ಪಾಸಿಟಿವ್’

ಎಚ್‌ಪಿವಿ 16 ಇದೆ ಎಂದು ಫಲಿತಾಂಶ ಬಂತು. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು 70%ಕ್ಕೆ 16 ಮತ್ತು 18 ಎಂಬ ಎರಡು ಬಗೆಗಳೇ ಕಾರಣ, ಹಾಗಾಗಿ ಇದನ್ನು ‘ನೋಡೋಣ’ ಎಂದು ಬಿಡುವಂತಿರಲಿಲ್ಲ. ಕೇಂದ್ರದ ಕಂಪ್ಯೂಟರ್ ತನ್ನ ಪಾಡಿಗೆ ಒಂದು ಸಂದೇಶ ಕಳಿಸಿತು: ‘ನಿಮ್ಮ ಎಚ್‌ಪಿವಿ ಫಲಿತಾಂಶ ಪಾಸಿಟಿವ್. ಕೂಡಲೇ ಸಂಪರ್ಕಿಸಿ.’ ಆ ಹೊತ್ತಿಗೆ ಫೋನ್ ಇದ್ದದ್ದು ಮಗನ ಕೈಯಲ್ಲಿ. ಆತ ಆ ಮೂರಕ್ಷರವನ್ನು ಅಂತರ್ಜಾಲದಲ್ಲಿ ಹುಡುಕಿದ. ಲೈಂಗಿಕ ಸೋಂಕು, ಕ್ಯಾನ್ಸರ್ ಎರಡೂ ಒಂದೇ ಪುಟದಲ್ಲಿ ಸಿಕ್ಕವು. ತಾಯಿ ಮನೆಗೆ ಬರುವ ಹೊತ್ತಿಗೆ ತಂದೆಗೂ ಗೊತ್ತಾಗಿತ್ತು.

ಇಡೀ ಪ್ರಕರಣದಲ್ಲಿ ಕ್ಷಮಿಸಲಾಗದ ತಪ್ಪು ಇದೊಂದೇ. ಮನೆಯಲ್ಲಿ ಹೇಗೆ ಹೇಳುವುದು ಎಂಬುದೇ ತನ್ನ ಭಯ ಎಂದು ಬಾಯಿಬಿಟ್ಟು ಹೇಳಿದವರ ವಿಷಯವನ್ನು, ಅವರಿಗಿಂತ ಮೊದಲು ಮನೆಗೆ ತಲುಪಿಸಿದ್ದು. ನರ್ಸ್ ಜೊತೆಗಿನ ಮಾತು ಕಡತಕ್ಕೆ ಹೋಗಿರಲಿಲ್ಲ. ಸಂದೇಶ ಕಳಿಸುವ ವ್ಯವಸ್ಥೆಗೆ ಆ ಮಾತು ನಡೆದದ್ದೇ ಗೊತ್ತಿರಲಿಲ್ಲ.

ಮರುದಿನ ಗಂಡನೂ ಜೊತೆಗೆ ಬಂದರು, ಕೇಳಬೇಕಾದ್ದು ಮುಖದಲ್ಲೇ ಇತ್ತು. ಅವರನ್ನು ಒಳಗೆ ಕರೆಯುವ ಮೊದಲು ನರ್ಸ್ ಆಕೆಯೊಬ್ಬರನ್ನೇ ಕೂರಿಸಿಕೊಂಡು, ‘ಅವರ ಮುಂದೆ ಏನು ಹೇಳಲಿ, ಏನು ಬಿಡಲಿ?’ ಎಂದು ಕೇಳಿದರು. ಆದ ತಪ್ಪಿಗೆ ಕ್ಷಮೆಯನ್ನೂ ಕೇಳಿದರು. ‘ಎಲ್ಲಾ ಹೇಳಿ, ನಾನು ಹೇಳಿದ್ರೆ ನಂಬಲ್ಲ’ ಎಂದರು ಆಕೆ.

ಈ ಮಾತುಕತೆಯಲ್ಲಿ ಜಾರುವ ಜಾಗಗಳು ಹಲವು. ‘ಹಳೇ ಸೋಂಕಿರಬಹುದು’ ಎಂದಷ್ಟೇ ಹೇಳಿ ನಿಲ್ಲಿಸುವುದು ಅಭ್ಯಾಸ. ಅದು ನಿಜವೇ. ಆದರೆ 22 ವರ್ಷದ ದಾಂಪತ್ಯದಲ್ಲಿ ಕೂತು ಕೇಳುವವರು ಕೂಡಲೇ ಲೆಕ್ಕ ಹಾಕತೊಡಗುತ್ತಾರೆ: ಎಷ್ಟು ಹಳೆಯದು, ಮದುವೆಗೆ ಮೊದಲಾ? ನರ್ಸ್ ಲೆಕ್ಕಕ್ಕೆ ಎಡೆಕೊಡದೆ ಹೀಗೆ ಹೇಳಿದರು: ‘ಸರ್, ಲೈಂಗಿಕ ಜೀವನ ಇರೋ ಗಂಡಸು, ಹೆಂಗಸು, ಹೆಚ್ಚಿನವರಿಗೆಲ್ಲ ಯಾವಾಗಲಾದರೂ ಒಮ್ಮೆ ತಗಲೋ ವೈರಸ್ ಇದು. ಯಾರಿಂದ ಯಾರಿಗೆ, ಯಾವ ವರ್ಷ ಅಂತ ಹೇಳೋ ಪರೀಕ್ಷೆ ಎಲ್ಲೂ ಇಲ್ಲ. ಗಂಡಸರಲ್ಲಿ ನೋಡೋಕೆ ವಾಡಿಕೆಯ ಪರೀಕ್ಷೆಯೂ ಇಲ್ಲ. ನಮಗೆ ಬೇಕಾಗಿರೋದು ಇದರಿಂದ ಒಳಗೆ ಏನಾದರೂ ಬದಲಾವಣೆ ಆಗಿದೆಯಾ ಅನ್ನೋದು, ಅಷ್ಟೇ.’ ಅವರು ಒಂದೇ ಪ್ರಶ್ನೆ ಕೇಳಿದರು: ‘ಇದು ಕ್ಯಾನ್ಸರಾ?’ ವೈರಸ್ ಇರುವುದು ಕ್ಯಾನ್ಸರ್ ಅಲ್ಲ, ಬದಲಾವಣೆ ಆಗಿದೆಯೇ ಎಂಬುದನ್ನು ಕಣ್ಣಿಂದ ನೋಡಬೇಕು ಎಂಬ ಉತ್ತರಕ್ಕೆ ತಲೆಯಾಡಿಸಿದರು. ಅನುಮಾನ ಅಲ್ಲಿಗೇ ಪೂರ್ತಿ ಕರಗಿತೆಂದು ಬರೆದರೆ ಸುಳ್ಳಾದೀತು.

ಮೇಜಿನ ಮೇಲೆ

ಇನ್ನು ಮೇಜನ್ನು ತಪ್ಪಿಸುವಂತಿರಲಿಲ್ಲ. ಎಲ್ಲಿ, ಯಾವಾಗ ನಿಲ್ಲಿಸುವುದೆಂಬ ಅಧಿಕಾರವನ್ನು ಮಾತ್ರ ಆಕೆಯ ಕೈಗೆ ಕೊಡಬಹುದಿತ್ತು. ಪರೀಕ್ಷೆ ಮಾಡುವವರು ಮಹಿಳೆಯೇ ಆಗಿರಬೇಕು, ಕೋಣೆಯಲ್ಲಿ ಇನ್ನೊಬ್ಬರು ಮಾತ್ರ, ಅವರು ಯಾರೆಂಬುದು ಆಕೆಯ ಆಯ್ಕೆ. ಮೊದಲು ಮೂತ್ರ ಮಾಡಿ ಬರಲು ಹೇಳಿದರು; ಮೂತ್ರಕೋಶ ತುಂಬಿದ್ದರೆ ಪರೀಕ್ಷೆ ಹೆಚ್ಚು ಕಿರಿಕಿರಿಯಾಗುತ್ತದೆ. ಸೊಂಟದಿಂದ ಕೆಳಗೆ ಹೊದಿಕೆ. ಗರ್ಭಕಂಠ ಕಾಣುವಂತೆ ಯೋನಿಯನ್ನು ತೆರೆದಿಡುವ ಸ್ಪೆಕ್ಯುಲಂ ಎಂಬ ಸಲಕರಣೆಯನ್ನು ಕೈಗೆ ಕೊಟ್ಟು ತೆರೆದು ಮುಚ್ಚಿ ತೋರಿಸಿದರು. ಅಳತೆ ಸಣ್ಣದು, ಬೆಚ್ಚಗಿನ ನೀರಲ್ಲಿ ಅದ್ದಿದ್ದು. ‘ನಿಲ್ಸಿ ಅಂದ್ರೆ ನಿಲ್ಸ್ತೀವಿ’ ಎಂಬ ಮಾತು ಮೊದಲೇ ಆಗಿತ್ತು. ಆಕೆ ಒಮ್ಮೆ ನಿಲ್ಲಿಸಿ ಎಂದರು. ಹೊರತೆಗೆದು ಎರಡು ನಿಮಿಷ ಕಾದರು. ಮಾತು ನಿಜವೇ ಎಂದು ನೋಡಲು ಹಾಗೆಂದರೋ ಏನೋ. ಆಮೇಲೆ ಮೈ ಸಡಿಲವಾಯಿತು.

3ರಿಂದ 5% ಅಸಿಟಿಕ್ ಆಮ್ಲದಲ್ಲಿ ಅದ್ದಿದ ಹತ್ತಿಯನ್ನು ಗರ್ಭಕಂಠಕ್ಕೆ ಒತ್ತಿ ಪೂರ್ತಿ ಒಂದು ನಿಮಿಷ ಕಾಯಬೇಕು; ಬದಲಾದ ಕೋಶಗಳಿರುವ ಜಾಗ ಆಗ ಬೆಳ್ಳಗಾಗುತ್ತದೆ. ಅವಸರಪಟ್ಟು ಅರ್ಧ ನಿಮಿಷಕ್ಕೇ ನೋಡಿದರೆ ತೆಳುವಾದ ಬಿಳುಪು ಕಣ್ಣಿಗೆ ಬೀಳದೆ ಹೋಗುತ್ತದೆ. ಗರ್ಭಕಂಠದ ಮೇಲ್ತುಟಿಯಲ್ಲಿ, ಎರಡು ಬಗೆಯ ಪದರಗಳು ಸೇರುವ ಗೆರೆಗೆ ಅಂಟಿಕೊಂಡು, ಅಂಚು ಸ್ಪಷ್ಟವಾಗಿರುವ ಒಂದು ಬಿಳಿ ಮಚ್ಚೆ ಕಂಡಿತು. ಮುಖ್ಯವಾಗಿ ನೋಡಬೇಕಾದ್ದು ಮೂರು: ಕ್ಯಾನ್ಸರ್ ಆಗಿರಬಹುದೆಂಬ ಲಕ್ಷಣವೇನಾದರೂ ಇದೆಯೇ, ಆ ಸೇರುವ ಗೆರೆ ಸುತ್ತಲೂ ಪೂರ್ತಿ ಕಾಣುತ್ತಿದೆಯೇ, ಮಚ್ಚೆ ಗರ್ಭಕಂಠದ ನಾಳದೊಳಕ್ಕೆ ಹೋಗಿದೆಯೇ. ಮೊದಲನೆಯದು ಇಲ್ಲ, ಎರಡನೆಯದು ಹೌದು, ಮೂರನೆಯದು ಇಲ್ಲ ಎಂದಾದ್ದರಿಂದ ಶಾಖದಿಂದ ಸುಡುವ ಚಿಕಿತ್ಸೆ ಹೊಂದುತ್ತಿತ್ತು. ಮುಟ್ಟು ನಿಂತವರಲ್ಲಿ ಆ ಗೆರೆ ಒಳಗೆ ಸರಿದಿರುತ್ತದೆ. ಅವರಿಗೆ ಈ ಬಗೆಯ ನೋಟವೂ ಈ ಚಿಕಿತ್ಸೆಯೂ ಅನೇಕ ಸಲ ಒದಗುವುದಿಲ್ಲ.

ಅಂದೇ ಮಾಡುವುದೋ ಇನ್ನೊಂದು ದಿನವೋ? ಅಂದೇ ಮುಗಿಸಿದರೆ ಬಾರದೇ ಉಳಿಯುವ ಭಯವಿಲ್ಲ, ಅದಕ್ಕೇ ಹೆಚ್ಚಿನ ಕಾರ್ಯಕ್ರಮಗಳು ಹಾಗೆ ಮಾಡುತ್ತವೆ. ಆದರೆ ಮೇಜಿನ ಮೇಲೆ ಮಲಗಿರುವಾಗ ಕೇಳಿದ ಒಪ್ಪಿಗೆ ಎಂಥ ಒಪ್ಪಿಗೆ? ಆಕೆಯನ್ನು ಎಬ್ಬಿಸಿ, ಬಟ್ಟೆ ಹಾಕಿಕೊಳ್ಳಲು ಬಿಟ್ಟು, ಕುರ್ಚಿಯ ಮೇಲೆ ಕೂತ ಮೇಲೆ ಕೇಳಿದರು. ಹದಿನೈದು ನಿಮಿಷ ಹೆಚ್ಚಾಯಿತು. ‘ಗರ್ಭಚೀಲ ತೆಗೆಯಲ್ಲ ತಾನೆ?’ ಎಂದು ಆಕೆ ಎರಡು ಸಲ ಕೇಳಿದರು. ಚಿತ್ರ ಬರೆದು, ಗರ್ಭಕೋಶ ಎಲ್ಲಿ, ಅದರ ಬಾಯಿ ಎಲ್ಲಿ, ಸುಡುವುದು ಎಷ್ಟು ಜಾಗ ಎಂದು ತೋರಿಸಿದರು. ಅತ್ತಿಗೆ ಹೇಳಿದ ಮಾತನ್ನು ಯಾರೂ ‘ಮೂಢನಂಬಿಕೆ’ ಎಂದು ತಳ್ಳಿಹಾಕಲಿಲ್ಲ. ಕಾಯಿಲೆ ಬಲಿತ ಮೇಲೆ ಬಂದವರಿಗೆ ಗರ್ಭಕೋಶ ತೆಗೆಯಬೇಕಾಗುವುದು ಉಂಟು. ಅಂಥ ಒಬ್ಬರ ಕಥೆಯೇ ಆ ಮಾತಿನ ಹಿಂದೆ ಇದ್ದಿರಬಹುದು.

ಆಕೆ ಅಂದೇ ಆಗಲಿ ಎಂದರು. 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ತುದಿಯನ್ನು ಮಚ್ಚೆಯ ಮೇಲೆ 20ರಿಂದ 30 ಸೆಕೆಂಡ್ ಇಡುವುದು. ಮುಟ್ಟಿನ ನೋವಿನಂಥ ಹಿಡಿತ, ಅಷ್ಟೇ ಎಂದು ಆಮೇಲೆ ಹೇಳಿದರು.

ಮನೆಗೆ ಹೇಳಿಕಳಿಸಿದ ಸೂಚನೆಗಳಲ್ಲಿ ಹೆಚ್ಚು ಮುರಿಯುವುದು ಒಂದು: ನಾಲ್ಕು ವಾರ ಸಂಭೋಗ ಬೇಡ. ಚೀಟಿಯಲ್ಲಿ ಬರೆದುಕೊಟ್ಟರೆ ಅದನ್ನು ಪಾಲಿಸುವ ಹೊರೆ ಪೂರ್ತಿ ಹೆಂಡತಿಯ ಮೇಲೆ ಬೀಳುತ್ತದೆ. ಗಂಡ ಹೊರಗೇ ಕೂತಿದ್ದರಿಂದ, ಆಕೆಯ ಅನುಮತಿ ಪಡೆದು, ವೈದ್ಯೆಯೇ ಅವರಿಗೆ ನೇರವಾಗಿ ಹೇಳಿದರು. ಕೆಲವು ವಾರ ನೀರಿನಂಥ ಸ್ರಾವ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಜ್ವರ, ದುರ್ವಾಸನೆ, ಕೆಳಹೊಟ್ಟೆಯಲ್ಲಿ ಜೋರು ನೋವು, ಹೆಚ್ಚು ರಕ್ತ ಇದ್ದರೆ ಕೂಡಲೇ ಬರಬೇಕು ಎಂದೂ.

ಒಂದು ವರ್ಷದ ನಂತರ, ಮತ್ತು ಕೇಂದ್ರದಲ್ಲಿ ಬದಲಾದದ್ದು

12 ತಿಂಗಳಿಗೆ ಮರುಪರೀಕ್ಷೆ ಆಗಬೇಕಿತ್ತು. ಎರಡು ತಿಂಗಳು ತಡವಾಗಿ ಬಂದರು. ಕಾರಣ ಕೇಳಿದರೆ ಹಳೆಯ ಮಾತೇ: ‘ಈಗ ಏನೂ ಇಲ್ವಲ್ಲ.’ ಇಷ್ಟೆಲ್ಲ ಆದ ಮೇಲೂ ದೇಹ ಸುಮ್ಮನಿದ್ದರೆ ಮನಸ್ಸೂ ಸುಮ್ಮನಾಗುತ್ತದೆ. ಅದನ್ನು ತಪ್ಪೆಂದು ಎಣಿಸುವ ಬದಲು, ನೆನಪಿಸುವ ಕೆಲಸ ಕೇಂದ್ರದ್ದೇ ಎಂದು ಇಟ್ಟುಕೊಳ್ಳುವುದು ಮೇಲು. ಎಚ್‌ಪಿವಿ ನೆಗೆಟಿವ್ ಬಂತು. ಇನ್ನು ಎಲ್ಲರಂತೆ ವಾಡಿಕೆಯ ಅಂತರದಲ್ಲಿ ಬಂದರೆ ಸಾಕು.

ಕೇಂದ್ರದಲ್ಲಿ ಮೊದಲು ಬದಲಾದದ್ದು ಸಂದೇಶ. ಈಗ ಅದರಲ್ಲಿ ರೋಗದ ಹೆಸರಿಲ್ಲ, ‘ಪಾಸಿಟಿವ್’ ಇಲ್ಲ. ‘ನಿಮ್ಮ ವರದಿ ಬಂದಿದೆ, ಬಿಡುವಾದಾಗ ಬನ್ನಿ’ ಎಂದಷ್ಟೇ ಇರುತ್ತದೆ. ಫಲಿತಾಂಶ ಏನೇ ಇರಲಿ ಎಲ್ಲರಿಗೂ ಇದೇ ಸಾಲು, ಇಲ್ಲದಿದ್ದರೆ ಸಂದೇಶ ನೋಡಿಯೇ ಉಳಿದದ್ದನ್ನು ಊಹಿಸಿಕೊಳ್ಳುತ್ತಾರೆ. ನಿಗದಿತ ವಾರದೊಳಗೆ ಬಾರದ ಪಾಸಿಟಿವ್ ಮಹಿಳೆಯರಿಗೆ ನರ್ಸ್ ಫೋನ್ ಮಾಡುತ್ತಾರೆ. ಮಾದರಿ ಕೊಡುವಾಗಲೇ ‘ಈ ಫೋನ್ ಯಾರ ಕೈಯಲ್ಲಿರುತ್ತೆ, ಯಾವ ಹೊತ್ತಲ್ಲಿ ಮಾಡಲಿ’ ಎಂದು ಕೇಳಿ ಕಡತದಲ್ಲಿ ಬರೆಯುತ್ತಾರೆ. ಕರಪತ್ರದಲ್ಲಿ ಹರಡುವ ಬಗೆಯನ್ನು ಮರೆಮಾಚಿಲ್ಲ. ಅದಕ್ಕೂ ಮೊದಲು, ಇದು ಹೆಚ್ಚಿನವರಿಗೆ ಬಂದುಹೋಗುವ ಸೋಂಕು, ಯಾರ ನಡತೆಯನ್ನೂ ಇದರಿಂದ ಅಳೆಯಲಾಗದು ಎಂಬ ಸಾಲು ಸೇರಿದೆ. ಬಲಿತ ಕ್ಯಾನ್ಸರ್‌ನ ಚಿತ್ರಗಳನ್ನು ತೆಗೆದಿದ್ದಾರೆ. ನಿರಾಕರಿಸಿದವರ ಕಾಲಂನಲ್ಲಿ ಕಾರಣ ಬರೆಯಲು ಮೂರು ಚೌಕಗಳಿವೆ: ಪರೀಕ್ಷೆ, ಫಲಿತಾಂಶ, ಮನೆ. ಒಂದಕ್ಕಿಂತ ಹೆಚ್ಚು ಗುರುತು ಹಾಕಬಹುದು.

ಅತ್ತಿಗೆಗೆ ಈಗ 51, ಮುಟ್ಟು ಇನ್ನೂ ನಿಂತಿಲ್ಲ. ಮರುಪರೀಕ್ಷೆಗೆ ಬಂದ ದಿನ ಆಕೆ ಅವರಿಗೆಂದು ಒಂದು ಕಿಟ್ ಕೇಳಿ ಒಯ್ದರು. ಅದು ಅವರ ಬೀರುವಿನಲ್ಲೇ ಇದೆಯಂತೆ. ನರ್ಸ್ ಅದರ ಅವಧಿ ಮುಗಿಯುವ ತಾರೀಕನ್ನು ಬರೆದಿಟ್ಟುಕೊಂಡಿದ್ದಾರೆ.